ಹದಿನೆಂಟನೇ ಓವರಿನ ಮೂರನೇ ಚೆಂಡು

“ಇದು ಯಾರ ಕಾಲು, ಮೇಷ್ಟ್ರೇ?”

ಸಬ್ ಇನ್‌ಸ್ಪೆಕ್ಟರ್ ಅನುಸೂಯ ಫೋಟೊವನ್ನು ಅಂಪೈರ್‌ಗಳ ಕೋಣೆಯ ಮೇಜಿನ ಮೇಲೆ ಸರಿಸಿದಳು. ಅಂಪೈರ್ ತಿಪ್ಪೇರುದ್ರಪ್ಪ ಅರ್ಧ ಸುಲಿದ ಬಾಳೆಹಣ್ಣನ್ನು ಪಕ್ಕಕ್ಕಿಟ್ಟು ಫೋಟೊ ಎತ್ತಿಕೊಂಡರು. ಮೊದಲು ತೋಳುದ್ದ ದೂರ ಹಿಡಿದರು. ಆಮೇಲೆ ಮೂಗಿನ ಹತ್ತಿರ ತಂದರು.

“ಫರಾಜ್‌ದು. ಗೆರೆ ದಾಟೈತೆ ನೋಡ್ರಿ, ಒಂದು ಗೇಣು. ನಾನು ನೋ ಬಾಲ್ ಕೊಟ್ಟಿದ್ದು ಸರಿನೇ ಐತೆ.”

ಆದರೆ ಆ ಫೋಟೊದಲ್ಲಿ ಇಡೀ ಪಾದ ಗೆರೆಯ ಹಿಂದಿತ್ತು. ಹೊಳಲ್ಕೆರೆಯ ಮದುವೆ ಫೋಟೊಗ್ರಾಫರ್ ಒಬ್ಬ ತನ್ನ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದು. ಶೂವಿನ ಲೇಸು ಕೂಡ ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು.

ಮೂರು ಪಂದ್ಯ, ಮೂರು ನೋ ಬಾಲ್. ವೇದಾವತಿ ಟ್ರೋಫಿಯಲ್ಲಿ ಹೊಸದುರ್ಗದಲ್ಲೊಂದು, ಹೊಳಲ್ಕೆರೆಯಲ್ಲೊಂದು, ಹಿರಿಯೂರಿನಲ್ಲೊಂದು. ಮೂರರ ಮೇಲೂ ಬೆಟ್ಟಿಂಗ್ ಆಡುವವರು ಚೆಂಡು ಬೀಳುವ ಅರ್ಧ ಗಂಟೆ ಮುಂಚೆಯೇ ಬೆಟ್ ಕಟ್ಟಿ ಕೂತಿದ್ದರು. ಮೂರನ್ನೂ ಹಾಕಿದವನು ಹಿರಿಯೂರಿನ ವೇಗದ ಬೌಲರ್ ಫರಾಜ್. ಇಡೀ ಜಿಲ್ಲೆ ಈಗ ಅವನನ್ನು ‘ಮಾರಿಕೊಂಡವನು’ ಎನ್ನುತ್ತಿತ್ತು.

ಆದರೆ ನೋ ಬಾಲ್ ಹಾಕುವವನು ಒಬ್ಬನಾದರೆ, ಕರೆಯುವವನು ಇನ್ನೊಬ್ಬ. ಮೂರೂ ಸಲ ಅವನ ಪಕ್ಕದಲ್ಲಿ ನಿಂತು ಕೈ ಚಾಚಿದವರು ಇದೇ ತಿಪ್ಪೇರುದ್ರಪ್ಪ. ಮೂವತ್ತೊಂದು ವರ್ಷ ಹೊಳಲ್ಕೆರೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ದುಡ್ಡಿಗೆ ಬಾಗುವವರಲ್ಲ ಎಂದು ನಾಲ್ಕು ತಾಲ್ಲೂಕಿನವರೂ ಆಣೆ ಮಾಡಿ ಹೇಳುವ ಮನುಷ್ಯ.

ಸುಳ್ಳು ಹೇಳುವವನು ಫೋಟೊವನ್ನು ಇಷ್ಟು ಕಷ್ಟಪಟ್ಟು ನೋಡುವುದಿಲ್ಲ ಎಂದು ಅನುಸೂಯಳಿಗೆ ಹೊಳೆಯಿತು. ಅವಳು ಕಡತದಿಂದ ಇನ್ನೊಂದು ಫೋಟೊ ತೆಗೆದುಕೊಟ್ಟಳು.

“ಇದು?”

ಮೇಷ್ಟ್ರು ಮತ್ತೆ ದೂರ ಹಿಡಿದರು, ಮತ್ತೆ ಹತ್ತಿರ ತಂದರು. “ಇದೂ ಅವನ್ದೇ. ಇದರಾಗೂ ದಾಟೈತೆ.”

“ಮೇಷ್ಟ್ರೇ, ಅದು ಕಾಲಲ್ಲ. ಮೈದಾನದ ಗೇಟಿನ ಹತ್ರ ಇರೋ ಮಂಡಕ್ಕಿ ಅಂಗಡಿ.”

ಹೊರಗೆ ಧ್ವನಿವರ್ಧಕದಲ್ಲಿ ಕಾಮೆಂಟರಿ ಹೇಳುವ ಶ್ರೀನಿವಾಸ ಗಂಟಲು ಹರಿದುಕೊಳ್ಳುತ್ತಿದ್ದ: “ಕೋಟೆ ನಾಡಿನ ಕ್ರಿಕೆಟ್ ಅಭಿಮಾನಿಗಳೇ! ಫೈನಲ್ ಪಂದ್ಯದಾಗೆ ಹಿರಿಯೂರು ನೂರಾ ನಲವತ್ತೆಂಟು! ಹೊಸದುರ್ಗಕ್ಕೆ ಗೆಲ್ಲಾಕೆ ನೂರಾ ನಲವತ್ತೊಂಬತ್ತು!”

ತಿಪ್ಪೇರುದ್ರಪ್ಪ ಫೋಟೊವನ್ನು ಮೆಲ್ಲಗೆ ಕೆಳಗಿಟ್ಟರು.

“ಎಷ್ಟು ದಿವಸದಿಂದ?” ಅನುಸೂಯ ದನಿ ತಗ್ಗಿಸಿ ಕೇಳಿದಳು.

“ಎರಡು ವರ್ಷ ಆತು. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದೈತೆ. ದೂರದ್ದು ಕಾಣ್ತೈತ್ರಿ. ಚೆಂಡು, ಪ್ಯಾಡು, ಸ್ಟಂಪು ಎಲ್ಲಾ ಕಾಣ್ತವೆ. ಹತ್ರದ್ದು, ಕಾಲಬುಡದ್ದು ಬರೀ ಮಂಜು. ಬಿಳೀ ಗೆರೆ ಐತೋ ಇಲ್ಲೋ ಅನ್ನಂಗೆ.” ಅವರು ತಲೆ ಎತ್ತಲಿಲ್ಲ. “ಬಿಡಬೇಕಿತ್ತು. ಬಿಡಾಕೆ ಮನಸು ಬರ್ಲಿಲ್ಲ.”

“ಮತ್ತೆ ನೋ ಬಾಲ್ ಹೆಂಗೆ ಕರೀತಿದ್ರಿ?”

ಮೇಷ್ಟ್ರು ಕೋಟಿನ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಾಕಿಟಾಕಿ ತೆಗೆದರು. ಅದಕ್ಕೆ ಕಿವಿಗಿಡುವ ಕಪ್ಪು ವೈರು.

“ನಿರಂಜನ್ ತಂದುಕೊಟ್ಟ. ನನ್ನ ಜೊತೆ ಅಂಪೈರಿಂಗ್ ಮಾಡ್ತಾನಲ್ಲ, ಅವನೇ. ನನ್ನ ಶಿಷ್ಯ, ನಮ್ಮೂರಿನವನು. ನನ್ನ ಕಣ್ಣಿನ ಸಂಗತಿ ಅವನೊಬ್ಬನಿಗೇ ಗೊತ್ತಿರೋದು. ‘ನಾನು ಬ್ಯಾಟರ್ ಕಡೆ ಪಕ್ಕದಾಗೆ ನಿಂತಿರ್ತೀನಿ ಸರ್, ಗೆರೆ ನನಗೆ ಕಾಣ್ತೈತೆ. ಕಾಲು ದಾಟಿದ್ರೆ ಇದರಾಗೆ ನೋ ಅಂತೀನಿ, ನೀವು ಕೈ ಚಾಚ್ರಿ’ ಅಂದ. ಸ್ವಂತ ಮಗನೂ ಇಷ್ಟು ಮಾಡಲ್ಲ ಅನ್ಕಂಡೆ.”

ಫರಾಜನ ಮೇಲೆ ದೂರು ಬರೆದುಕೊಟ್ಟವನೇ ಈ ನಿರಂಜನ್!

“ಆ ಹುಡುಗ ಫರಾಜ್ ಮೂರು ಸಲಾನೂ ತಿರುಗಿ ನನ್ನ ಮುಖ ನೋಡಿದ,” ಎಂದರು ಮೇಷ್ಟ್ರು. “ವಾದ ಮಾಡ್ಲಿಲ್ಲ. ಹೊಳಲ್ಕೆರೆ ಮ್ಯಾಚಿನಾಗೆ ‘ಸಾರಿ ಸರ್’ ಅಂದ. ಕಾಲು ಒಳಗಿಟ್ಟವನು ಅವನು, ಸಾರಿ ಕೇಳಿದವನೂ ಅವನೇ! ಮೇಡಂ, ಈಗಲೇ ಕರ್ಕಂಡು ಹೋಗ್ರಿ ನನ್ನ. ಮೈಕಿನಾಗೆ ನಿಂತು ಎಲ್ಲಾ ಹೇಳಿಬಿಡ್ತೀನಿ.”

“ಈಗ ಹೇಳಿದ್ರೆ ನಿರಂಜನ್ ಒಂದೇ ಮಾತಿನಾಗೆ ತಪ್ಪಿಸ್ಕಂತಾನೆ. ಮೇಷ್ಟ್ರಿಗೆ ಕಣ್ಣು ಕಾಣಲ್ಲ, ಕಿವೀನೂ ಕೇಳಲ್ಲ ಅಂತಾನೆ. ನನಗೆ ಅವನ ದನಿ ಬೇಕು, ಸಾಕ್ಷಿ ಸಮೇತ.” ಅನುಸೂಯ ತನ್ನ ಫೋನ್ ತೆಗೆದಳು. ನಿನ್ನೆ ಹಿರಿಯೂರಿನಲ್ಲಿ ಹಿಡಿದ ಬೆಟ್ಟಿಂಗ್ ಆಸಾಮಿಯ ಫೋನ್ ಗುಂಪಿಗೆ ಹತ್ತು ನಿಮಿಷದ ಹಿಂದೆ ಬಂದ ಸಂದೇಶ ಅದರಲ್ಲಿತ್ತು. ಓದಿದಳು. “ಎರಡನೇ ಇನಿಂಗ್ಸ್. ಹದಿನೆಂಟನೇ ಓವರ್, ಮೂರನೇ ಬಾಲ್. ನೋ.”

“ಹದಿನೆಂಟು ನನ್ನ ಕಡೆ ಓವರ್,” ಎಂದರು ಮೇಷ್ಟ್ರು. “ಸಮಸಂಖ್ಯೆ ಎಲ್ಲಾ ನನ್ನವೇ.”

“ಅದು ಪ್ರತಿ ಪಂದ್ಯದಾಗೂ ಫರಾಜ್ ಹಾಕೋ ಓವರೂ ಹೌದು. ಆ ಬಾಲಿಗೆ ನಿರಂಜನ್ ‘ನೋ’ ಅಂತಾನೆ. ನೀವು ಕೈ ಎತ್ತಬಾರದು.”

“ನಿಜವಾಗ್ಲೂ ದಾಟಿದ್ರೆ? ನನಗೆ ಕಾಣಲ್ಲವಲ್ಲ ತಾಯಿ! ಅದೂ ಮೋಸಾನೇ ಆಗ್ತೈತೆ.”

ಸಿಕ್ಕಿಬಿದ್ದ ಈ ಹೊತ್ತಿನಲ್ಲೂ ಆಟಕ್ಕೆ ಮೋಸವಾಗಬಾರದೆಂಬ ಮಾತು ಕೇಳಿ ಅನುಸೂಯಳಿಗೆ ಅವರ ಮೇಲೆ ಗೌರವ ಹುಟ್ಟಿತು. “ದಾಟಲ್ಲ. ಅದರ ಜವಾಬ್ದಾರಿ ನನಗೆ ಬಿಡ್ರಿ.”

ಬಾಗಿಲು ತೆರೆದುಕೊಂಡಿತು.

“ಸರ್, ಟೈಮಾತು. ಹೋಗಾಣ?” ನಿರಂಜನ್ ಎರಡು ಲೋಟ ಚಹಾ ಹಿಡಿದು ನಿಂತಿದ್ದ. ಮೂವತ್ತೈದರ ವಯಸ್ಸು, ಇಸ್ತ್ರಿ ಮಾಡಿದ ಕೋಟು, ನಗುಮುಖ. ಅನುಸೂಯಳನ್ನು ಕಂಡು ಆ ನಗು ಇನ್ನಷ್ಟು ಅಗಲವಾಯಿತು. “ಏನ್ ಮೇಡಂ, ಫರಾಜ್ ಬಾಯಿಬಿಟ್ನಾ?”

“ಬಿಡಿಸ್ತೀನಿ,” ಎಂದು ಅನುಸೂಯ ಫೋಟೊಗಳನ್ನು ಕಡತಕ್ಕೆ ಸೇರಿಸಿದಳು.

ನಿರಂಜನ್ ಚಹಾ ಇಟ್ಟು, ಗುರುಗಳ ಹಿಂದೆ ಬಂದು, ವೈರನ್ನು ಕಾಲರಿನೊಳಗೆ ಅಡಗಿಸಿ, ಕಿವಿಗೆ ತಾನೇ ಜೋಡಿಸಿದ. ಪೇಟ ಕಟ್ಟುವವನಷ್ಟು ಜೋಪಾನವಾಗಿ. ತಿಪ್ಪೇರುದ್ರಪ್ಪ ಕಣ್ಣು ಮುಚ್ಚಿಕೊಂಡು ಅಲುಗಾಡದೆ ಕುಳಿತಿದ್ದರು.

*

“ಒಂದು ಹೆಜ್ಜೆ ಪೂರಾ ಹಿಂದೆ?” ಫರಾಜ್ ನಂಬಲಾರದೆ ಕೇಳಿದ.

ಬೌಂಡರಿ ಹಗ್ಗದಾಚೆ, ಸ್ಕೋರರ್ ಮೇಜಿನ ಹಿಂದೆ ಅವರು ನಿಂತಿದ್ದರು. ಬೆಟ್ಟದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸಿ ಬಂದ ಗಾಳಿ ಮೈದಾನದ ಕೆಂಪು ದೂಳನ್ನು ಎಬ್ಬಿಸುತ್ತಿತ್ತು. ಫರಾಜನಿಗೆ ಇಪ್ಪತ್ತೆರಡು. ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದವು.

“ಒಂದು ಹೆಜ್ಜೆ ಹಿಂದೆ,” ಎಂದಳು ಅನುಸೂಯ. “ಕುರುಡನಿಗೂ ನೋ ಬಾಲ್ ಅನ್ನಾಕೆ ಬರಬಾರದು. ಮೂರನೇ ಬಾಲ್ ಒಂದೇ.”

“ಅಲ್ಲಿಂದ ಹಾಕಿದ್ರೆ ವೇಗ ಇರಲ್ಲ ಮೇಡಂ. ಬ್ಯಾಟರ್‌ಗೆ ಹಬ್ಬ. ಸಿಕ್ಸ್ ಹೊಡೆದ್ರೆ ಮ್ಯಾಚ್ ಹೋಗ್ತೈತೆ. ಆಗ ಜನ ಏನಂತಾರೆ? ಇವತ್ತೂ ಮಾರ್ಕಂಡ ಅಂತಾರೆ.” ಅವನು ಶಾಮಿಯಾನದ ಕಡೆ ನೋಡಿದ. ಮೊದಲ ಸಾಲಿನಲ್ಲಿ ಬಿಳಿ ಟೋಪಿ ಹಾಕಿದ ಒಬ್ಬ ಎತ್ತರದ ಮನುಷ್ಯ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. “ಕಾಟಯ್ಯ ಸರ್ ಬಂದಾರೆ. ಬೆಂಗಳೂರಿನ ಲೀಗ್ ತಂಡಕ್ಕೆ ಒಬ್ಬ ಫಾಸ್ಟ್ ಬೌಲರ್ ಬೇಕಂತೆ. ಈ ಜಿಲ್ಲೆಯಿಂದ ಅಷ್ಟು ದೂರ ಹೋದ ಬೌಲರ್ ಅವರೊಬ್ಬರೇ. ಅವರ ಮುಂದೆ ನಾನು...”

“ಹಾಕು ಬೇಟಾ.”

ಮೇಜಿನ ಕಡೆಯಿಂದ ಮಾತು ಬಂತು. ಬಡೇಸಾಬ್ ಸ್ಕೋರ್ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಹಿರಿಯೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತ ನಲವತ್ತು ವರ್ಷದಿಂದ ಸ್ಕೋರ್ ಬರೆಯುವವರು. ಪ್ರತಿ ಚೆಂಡಿನ ಎದುರು ಗಂಟೆ, ನಿಮಿಷ ಗುರುತು ಹಾಕುವ ಚಾಳಿ ಇಡೀ ರಾಜ್ಯದಲ್ಲಿ ಅವರೊಬ್ಬರಿಗೇ ಇದ್ದೀತು. ಬೆಟ್ ಕಟ್ಟಿದ ಹೊತ್ತಿಗೂ ಚೆಂಡು ಬಿದ್ದ ಹೊತ್ತಿಗೂ ಅರ್ಧ ಗಂಟೆ ಅಂತರವಿದೆ ಎಂದು ಪೊಲೀಸರಿಗೆ ಗೊತ್ತಾದದ್ದು ಆ ಚಾಳಿಯಿಂದ.

ಫರಾಜ್ ಅವರ ಮೊಮ್ಮಗ.

“ನಿನ್ನ ಹೆಸರಿನ ಮುಂದೆ ಆ ಮೂರು ನೋ ಬಾಲ್ ಬರೆದವನು ನಾನೇ,” ಎಂದರು ಬಡೇಸಾಬ್. “ಅಂಪೈರ್ ಕೈ ಚಾಚಿದ್ರು, ನಾನು ಬರೆದೆ. ಮೊಮ್ಮಗ ಅಂತ ಪೆನ್ಸಿಲ್ ನಿಲ್ಲಿಸ್ಲಿಲ್ಲ. ಸಿಕ್ಸ್ ಬಿದ್ರೆ ಸಿಕ್ಸೂ ಬರೀತೀನಿ. ಸೋತಿದ್ದು ಒಂದು ಸಂಜೆಗೆ ಮರೆತುಹೋಗ್ತೈತೆ. ಮಾರ್ಕಂಡವನು ಅನ್ನೋ ಮಾತು ನಿನ್ನ ಮಕ್ಕಳ ಕಾಲಕ್ಕೂ ಹೋಗಲ್ಲ.”

ಫರಾಜ್ ಅಜ್ಜನನ್ನು ನೋಡಿದ, ಅನುಸೂಯಳನ್ನು ನೋಡಿದ. ಚೆಂಡನ್ನು ಪ್ಯಾಂಟಿಗೆ ಉಜ್ಜುವವನಂತೆ ಬರಿಗೈಯನ್ನು ತೊಡೆಗೆ ಉಜ್ಜಿಕೊಂಡು, “ಆತು ಮೇಡಂ,” ಎಂದು ಓಡಿದ.

ಅನುಸೂಯ ಸ್ಕೋರರ್ ಮೇಜಿನ ಕೆಳಗೆ ಕೈ ಹಾಕಿದಳು. ನಿರಂಜನ್ ತಂದಿದ್ದ ಪೆಟ್ಟಿಗೆಯಲ್ಲಿ ನಾಲ್ಕು ವಾಕಿಟಾಕಿ ಇದ್ದವು. ಎರಡು ಅಂಪೈರ್‌ಗಳ ಬಳಿ. ಒಂದು ಬಡೇಸಾಬರಿಗೆ ಕೊಟ್ಟದ್ದು; ಅವರು ಅದನ್ನು ಮುಟ್ಟದೆ ಕರವಸ್ತ್ರ ಬೀಸಿಯೇ ಅಂಪೈರಿಗೆ ಉತ್ತರ ಕೊಡುತ್ತಿದ್ದರು.

“ನಾಲ್ಕನೇದು?”

“ಕೆಟ್ಟುಹೋಗೈತೆ ಅಂತ ನಿರಂಜನ್ ವಾಪಸ್ ಇಸ್ಕಂಡ.”

ಅವಳು ಬಡೇಸಾಬರ ವಾಕಿಟಾಕಿಯ ವೈರನ್ನು ಕಿವಿಗೆ ಸಿಕ್ಕಿಸಿ, ಮೇಲೆ ಸೆರಗು ಎಳೆದುಕೊಂಡಳು. ಇವತ್ತು ಖಾಕಿ ಹಾಕಿರಲಿಲ್ಲ. ಫೋನಿನ ರೆಕಾರ್ಡರ್ ಒತ್ತಿ ವಾಕಿಟಾಕಿಗೆ ತಾಗಿಸಿಟ್ಟಳು.

*

ಹದಿನೇಳು ಓವರ್ ಮುಗಿದಾಗ ಹೊಸದುರ್ಗ ಆರು ವಿಕೆಟಿಗೆ ನೂರಾ ಇಪ್ಪತ್ತೆಂಟು. ಮೂರು ಓವರಿನಲ್ಲಿ ಇಪ್ಪತ್ತೊಂದು ಬೇಕು. ಮೈದಾನದ ಸುತ್ತ ಜನ ಕುರ್ಚಿ ಬಿಟ್ಟು ಎದ್ದಿದ್ದರು. ಹೊಸದುರ್ಗದ ಕಡೆಯವರು ತಮಟೆ ತಂದಿದ್ದರು. ಹಿರಿಯೂರಿನವರ ಹತ್ತಿರ ಪೀಪಿ.

ಹಿರಿಯೂರಿನ ನಾಯಕ ಜುಂಜೇಶ್ ಚೆಂಡನ್ನು ಫರಾಜನ ಕೈಗಿಟ್ಟ.

“ಬಂದ ನೋಡ್ರಪ್ಪಾ, ನೋ ಬಾಲ್!” ಜನರ ಮಧ್ಯದಿಂದ ಯಾರೋ ಕೂಗಿದರು. ಒಂದು ಸಾಲು ನಕ್ಕಿತು.

ಮೊದಲ ಚೆಂಡು. ಬ್ಯಾಟರ್ ಬೀಸಿದ, ತಾಗಲಿಲ್ಲ. ಎರಡನೆಯದಕ್ಕೆ ಒಂದು ರನ್.

ಅನುಸೂಯಳ ಕಿವಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬಡೇಸಾಬ್ ಗಡಿಯಾರ ನೋಡಿ ನಾಲ್ಕು ಐವತ್ತೆರಡು ಎಂದು ಬರೆದುಕೊಂಡರು. ಪೆನ್ಸಿಲ್ ತುದಿ ಮುಂದಿನ ಚೌಕದ ಮೇಲೆ ಬಂದು ನಿಂತಿತು.

ಫರಾಜ್ ಓಡಿದ. ಕೆಂಪು ಶೂಗಳು ನೆಲ ಬಡಿದವು. ಹಾರಿದ. ಕಾಲು ಊರಿದ್ದು ಗೆರೆಗಿಂತ ಒಂದು ಹೆಜ್ಜೆ ಹಿಂದೆ. ಹಗ್ಗದ ಪಕ್ಕ ಮಂಡಕ್ಕಿ ತಿನ್ನುತ್ತಿದ್ದವರಿಗೂ ಅದು ಕಂಡಿತು.

“ನೋ.”

ಕಿವಿಯಲ್ಲಿ ನಿರಂಜನನ ದನಿ! ತಣ್ಣಗೆ, ಸ್ಪಷ್ಟವಾಗಿ. ಚೆಂಡು ನೆಲಕ್ಕೆ ಬೀಳುವ ಮೊದಲೇ!

ಹೊಸದುರ್ಗದ ಬ್ಯಾಟರ್ ಎಂದಿನ ವೇಗಕ್ಕೆ ಬ್ಯಾಟ್ ಬೀಸಿದ್ದ. ಹಿಂದಿನಿಂದ ಹಾಕಿದ ಚೆಂಡು ತಡವಾಗಿ ಬಂತು. ಬ್ಯಾಟು ಮುಂದೆ ಹೋಯಿತು, ಚೆಂಡು ಹಿಂದೆ ನುಗ್ಗಿತು. ಮಧ್ಯದ ಸ್ಟಂಪ್ ಕಿತ್ತುಕೊಂಡು ಎರಡು ಪಲ್ಟಿ ಹೊಡೆಯಿತು.

ತಿಪ್ಪೇರುದ್ರಪ್ಪನವರ ಕೈ ಅಲುಗಲಿಲ್ಲ.

ಹಿರಿಯೂರಿನ ಕಡೆಯಿಂದ ಎದ್ದ ಕೂಗಿಗೆ ಶಾಮಿಯಾನವೇ ನಡುಗಿತು. ಜುಂಜೇಶ್ ಓಡಿಬಂದು ಫರಾಜನನ್ನು ಎತ್ತಿಕೊಂಡ. ಅನುಸೂಯ ಮುಷ್ಟಿ ಬಿಗಿದಳು. ದನಿ ಸಿಕ್ಕಿತು, ಸಾಕ್ಷಿ ಸಿಕ್ಕಿತು, ಹುಡುಗನ ಹೆಸರು ಉಳಿಯಿತು!

ಆಗಲೇ ಧ್ವನಿವರ್ಧಕ ನಿಂತುಹೋಯಿತು.

ಬೆಳಗಿನಿಂದ ಒಂದು ಕ್ಷಣವೂ ಬಾಯಿ ಮುಚ್ಚದ ಶ್ರೀನಿವಾಸ, ಸ್ಟಂಪ್ ಹಾರಿದ ಹೊತ್ತಿನಲ್ಲೇ ಸುಮ್ಮನಾಗಿದ್ದ. ಅದೇ ಗಳಿಗೆಗೆ ಅನುಸೂಯಳ ಕಿವಿಯಲ್ಲಿ ಇನ್ನೊಂದು ದನಿ ಗರಗರ ಎಂದಿತು. ನಿರಂಜನನದಲ್ಲ, ಮೇಷ್ಟ್ರದ್ದೂ ಅಲ್ಲ.

“ಮುದುಕ ಕೈಕೊಟ್ಟ. ನೀನೇ ಎತ್ತು. ಥ್ರೋ ಅನ್ನು.”

ಬ್ಯಾಟರ್ ಕಡೆ ಪಕ್ಕದಲ್ಲಿ ನಿಂತಿದ್ದ ನಿರಂಜನ್ ಒಂದು ಕ್ಷಣ ತಡವರಿಸಿದ. ಆಮೇಲೆ ಅವನ ಬಲಗೈ ಭುಜದ ಮಟ್ಟಕ್ಕೆ ಚಾಚಿಕೊಂಡಿತು. ನೋ ಬಾಲ್! ಔಟ್ ಲೆಕ್ಕಕ್ಕಿಲ್ಲ.

ಕುಣಿಯುತ್ತಿದ್ದವರು ಕುಣಿಯುತ್ತಲೇ ಕಲ್ಲಾದರು. ಆಚೆ ಕಡೆ ತಮಟೆ ಹುಚ್ಚೆದ್ದಿತು.

“ಅಯ್ಯಯ್ಯೋ! ಥ್ರೋ ಅಭಿಮಾನಿಗಳೇ, ಥ್ರೋ!” ಧ್ವನಿವರ್ಧಕಕ್ಕೆ ಮತ್ತೆ ಜೀವ ಬಂದಿತ್ತು. “ಮೊಣಕೈ ಮಡಚಿ ಕಲ್ಲು ಎಸೆದಂಗೆ ಎಸೆದಾನೆ ಫರಾಜ್! ಇಂಥ ಬೌಲರ್‌ಗೆ ಮುಂದೆ ಯಾರು ಜಾಗ ಕೊಡ್ತಾರೆ?”

ಬಡೇಸಾಬರ ಪೆನ್ಸಿಲ್ ನಿಂತಿತು.

“ಮೇಡಂ,” ಎಂದರು ಮೆಲ್ಲಗೆ. “ಆ ಜಾಗದಾಗೆ ನಿಂತ ಅಂಪೈರು ಸುಮ್ಮನೆ ಕೈ ಚಾಚಿದ್ರೆ ಅದಕ್ಕೆ ಬೇರೆ ಬೇರೆ ಕಾರಣ ಇರ್ತವೆ. ಚೆಂಡು ಸೊಂಟದ ಮೇಲೆ ಬಂದಿರಬಹುದು, ಫೀಲ್ಡರ್ ಜಾಸ್ತಿ ನಿಂತಿರಬಹುದು. ಯಾಕಂತ ನನಗೇ ಇನ್ನೂ ತಿಳಿಸಿಲ್ಲ. ಮೈಕಿನವನಿಗೆ ಹೆಂಗೆ ಗೊತ್ತಾತು?”

ಅನುಸೂಯಳಿಗೆ ಹೊಳೆಯಿತು. ಕೆಟ್ಟುಹೋಗಿದೆ ಎಂದ ನಾಲ್ಕನೇ ವಾಕಿಟಾಕಿ!

ಮೈದಾನದ ನಡುವೆ ಇಬ್ಬರು ಅಂಪೈರ್‌ಗಳೂ ಎದುರುಬದುರಾಗಿದ್ದರು. ನಿರಂಜನ್ ಏನೋ ಹೇಳುತ್ತಿದ್ದ. ಜುಂಜೇಶ್ ಕೂಗಾಡುತ್ತಿದ್ದ. ಔಟಾಗಿ ಹೊರಟಿದ್ದ ಹೊಸದುರ್ಗದ ಬ್ಯಾಟರ್ ಅರ್ಧ ದಾರಿಯಲ್ಲಿ ನಿಂತು, “ನನಗೇನೋ ಸರಿಯಾಗೇ ಬಂದಂಗಿತ್ತಪ್ಪ,” ಎಂದು ಗೊಣಗಿದ. ಕೇಳಿಸಿಕೊಂಡವರು ಕಡಿಮೆ.

“ಈಗೇನಾಗ್ತೈತೆ?” ಅನುಸೂಯ ಕೇಳಿದಳು.

“ಮೊದಲ ಸಲ ಎಚ್ಚರಿಕೆ. ಇನ್ನೊಂದು ಸಲ ಥ್ರೋ ಅಂದ್ರೆ ಇವತ್ತು ಅವನ ಕೈಗೆ ಚೆಂಡಿಲ್ಲ.” ಬಡೇಸಾಬ್ ಮೊಮ್ಮಗನ ಕಡೆ ನೋಡಿದರು. “ನೋ ಬಾಲ್ ಕಳಂಕ ತೊಳೀಬಹುದಿತ್ತು. ಚೆಂಡು ಎಸೆಯೋನು ಅಂತ ಒಂದು ಸಲ ಹೆಸರು ಬಿದ್ರೆ ಯಾರೂ ಹತ್ರ ಸೇರಿಸಲ್ಲ ಮೇಡಂ.”

ಆದರೂ ಅವರ ಪೆನ್ಸಿಲ್ ಚೌಕದೊಳಗೆ ನೋ ಬಾಲಿನ ಸಣ್ಣ ವೃತ್ತ ಎಳೆಯಿತು. ನಾಲ್ಕು ಐವತ್ತಮೂರು.

ಫರಾಜ್ ಹಗ್ಗದ ಕಡೆಗೇ ನಡೆದು ಬರುತ್ತಿದ್ದ. ಮುಖದಲ್ಲಿ ಅಳು ಇರಲಿಲ್ಲ. ಅನುಸೂಯ ಇದುವರೆಗೆ ಕಾಣದ ಒಂದು ಹಟವಿತ್ತು.

“ದಾದಾ, ಗೆರೆ ಹಾಕೋ ಸ್ಕೇಲ್ ಕೊಡ್ರಿ. ಮರದ್ದು.”

ಬಡೇಸಾಬ್ ಒಂದು ಕ್ಷಣ ಅರ್ಥವಾಗದೆ ನೋಡಿದರು. ಆಮೇಲೆ, ಮೊಣಕೈ ಮಡಚಲಾಗದಂತೆ ಕಟ್ಟುವುದಕ್ಕೆ ಎಂದು ಹೊಳೆಯಿತು. ಸ್ಕೇಲನ್ನು ಮೊಮ್ಮಗನ ಮೊಣಕೈಗೆ ಒತ್ತಿ ಹಿಡಿದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಪಟ್ಟಿ ತೆಗೆದು ಸುತ್ತತೊಡಗಿದರು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಗಡಿಯಾರದ ಮುಳ್ಳು ಕೂರಿಸುವ ಬೆರಳುಗಳು ಗಂಟು ಬಿಗಿದವು. ಕೈ ಕಂಬದಂತೆ ನೆಟ್ಟಗಾಯಿತು.

ತಿಪ್ಪೇರುದ್ರಪ್ಪ ಅಲ್ಲಿಗೇ ನಡೆದು ಬಂದಿದ್ದರು. ಆ ಕೈಯನ್ನು ಮುಟ್ಟಿ ಮುಟ್ಟಿ ನೋಡಿದರು. ಮಡಚಲು ನೋಡಿದರು, ಆಗಲಿಲ್ಲ. ಕಿವಿಯಿಂದ ವೈರು ಕಿತ್ತು ನೆಲಕ್ಕೆಸೆದರು.

“ಬೌಲರ್ ನನ್ನ ಕಡೆಯಿಂದ ಹಾಕೋನು. ನನ್ನ ಅನುಮತಿ ಐತೆ!” ಪಿ.ಟಿ. ಮೇಷ್ಟ್ರ ಹಳೆಯ ಗಂಟಲು, ಧ್ವನಿವರ್ಧಕದ ಹಂಗಿಲ್ಲದೆ ಅರ್ಧ ಮೈದಾನಕ್ಕೆ ಕೇಳಿತು. “ಹೊಸದುರ್ಗದವ್ರು ಏನಂತೀರಿ?”

“ಹಾಕ್ಲಿ ಬಿಡ್ರಿ ಸರ್!” ಕ್ರೀಸಿಗೆ ಮರಳಿದ್ದ ಬ್ಯಾಟರ್ ಬ್ಯಾಟ್ ಎತ್ತಿ ಕೂಗಿದ. “ನೋಡೇಬಿಡಾಣ!”

ಎರಡೂ ಊರಿನ ಜನ ಒಟ್ಟಿಗೆ ಚಪ್ಪಾಳೆ ತಟ್ಟಿದ್ದು ಆ ಟೂರ್ನಿಯಲ್ಲಿ ಅದೇ ಮೊದಲು.

ಅನುಸೂಯ ಚಪ್ಪಾಳೆಗೆ ನಿಲ್ಲಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಮೆಂಟರಿಗೆಂದು ಮರದ ಕಂಬ ಕಟ್ಟಿದ್ದ ಅಟ್ಟಣಿಗೆಯ ಕಡೆ ಓಡುತ್ತಿದ್ದಳು.

*

ಏಣಿ ಹದಿನಾಲ್ಕು ಮೆಟ್ಟಿಲು. ಕೊನೆಯ ಮೆಟ್ಟಿಲಿಗೆ ಕಾಲಿಟ್ಟು ಟಾರ್ಪಾಲು ಸರಿಸಿದಳು.

ಶ್ರೀನಿವಾಸನ ಬಲಗೈಯಲ್ಲಿ ಮೈಕು, ಎಡಗೈಯಲ್ಲಿ ನಾಲ್ಕನೇ ವಾಕಿಟಾಕಿ. ಅವಳನ್ನು ಕಂಡು ಅವನ ಬಾಯಿ ತೆರೆದೇ ಉಳಿಯಿತು. ಜಿಲ್ಲೆಯ ಮದುವೆ, ಮೆರವಣಿಗೆ, ಚುನಾವಣೆ ಎಲ್ಲಕ್ಕೂ ಮಾತಾಡಿದ ಆ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಅನುಸೂಯ ಮೊದಲು ಮೈಕಿನ ಸ್ವಿಚ್ ಆರಿಸಿದಳು. ಆಮೇಲೆ ವಾಕಿಟಾಕಿ ಕಿತ್ತುಕೊಂಡಳು.

“ಕುಂತ್ಕಳ್ರಿ ಶ್ರೀನಿವಾಸ್. ಇನ್ನು ಮಾತಾಡಿದ್ದು ಸಾಕು.”

“ಮೇಡಂ, ನಂದೇನೂ ಇಲ್ಲ,” ಅವನು ಕುರ್ಚಿಗೆ ಕುಸಿದ. “ನಾನು ಬರೀ ಬಾಯಿ. ಅವ್ರು ಫೋನ್ ಮಾಡಿ ಹೇಳ್ತಾರೆ, ನಾನು ನಿರಂಜನ್‌ಗೆ ದಾಟಿಸ್ತೀನಿ. ಅಷ್ಟೇಯ.”

“ಅವ್ರು ಅಂದ್ರೆ ಯಾರು?”

ಶ್ರೀನಿವಾಸನ ಮುಂದೆ ಮೇಜಿನ ಮೇಲಿದ್ದ ಫೋನು ಉತ್ತರ ಹೇಳುವಂತೆ ನಡುಗತೊಡಗಿತು. ಪರದೆಯ ಮೇಲೆ ಹೆಸರಿಲ್ಲ, ಬರೀ ನಂಬರು.

ಕೆಳಗೆ ಫರಾಜ್ ಓಟದ ಗುರುತಿಗೆ ನಡೆದು ಹೋಗುತ್ತಿದ್ದ. ಬಿಳಿ ಪಟ್ಟಿ ಸುತ್ತಿದ ನೆಟ್ಟನೆ ಕೈ ಬಿಸಿಲಿಗೆ ಹೊಳೆಯುತ್ತಿತ್ತು. ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದರು.

ಅನುಸೂಯ ಫೋನೆತ್ತಿ ಕಿವಿಗಿಟ್ಟಳು. ಮಾತಾಡಲಿಲ್ಲ.

“ಏನ್ ನೋಡ್ತಾ ಕುಂತೀಯಪ್ಪ?” ಆ ಕಡೆಯಿಂದ ಒಂದು ಗಂಡು ದನಿ. ಅವಸರವಿಲ್ಲದ, ದರ್ಪದ ದನಿ. “ಸ್ಕೇಲ್ ಅಲ್ಲ, ಕಬ್ಬಿಣ ಕಟ್ಟಿದ್ರೂ ಸೈ. ಇನ್ನೊಂದು ಸಲ ಥ್ರೋ ಅನ್ನಿಸು. ಆ ಹುಡುಗ ಇವತ್ತಿಗೆ ಮುಗೀಬೇಕು.”

ಅವಳು ಅಟ್ಟಣಿಗೆಯ ಅಂಚಿಗೆ ಬಂದು ಕೆಳಗೆ ನೋಡಿದಳು. ಎಲ್ಲರೂ ನಿಂತಿದ್ದರು. ಎಲ್ಲರೂ ಫರಾಜನನ್ನೇ ನೋಡುತ್ತಿದ್ದರು. ಶಾಮಿಯಾನದ ಮೊದಲ ಸಾಲಿನಲ್ಲಿ ಒಬ್ಬ ಮಾತ್ರ ಕುಳಿತಿದ್ದ. ಅವನ ಕಿವಿಯಲ್ಲಿ ಫೋನಿತ್ತು.

ಬಿಳಿ ಟೋಪಿ. ಕಾಟಯ್ಯ.

ಫರಾಜನನ್ನು ಆರಿಸಿಕೊಂಡು ಹೋಗಲು ಬಂದ ಮನುಷ್ಯ! ಒಬ್ಬ ಒಳ್ಳೆಯ ಬೌಲರನ್ನು ಹುಡುಕಿಕೊಂಡು ಬಂದವನಿಗೆ, ಅವನನ್ನೇ ಮುಗಿಸಬೇಕಾದ ಅಗತ್ಯವೇನು? ‘ಈ ಜಿಲ್ಲೆಯಿಂದ ಅಷ್ಟು ದೂರ ಹೋದ ಬೌಲರ್ ಅವರೊಬ್ಬರೇ’ ಎಂಬ ಫರಾಜನ ಮಾತು ಅವಳಿಗೆ ನೆನಪಾಯಿತು.

“ಲೇ ಶ್ರೀನಿವಾಸ, ಕೇಳ್ತೈತೇನೋ?” ಎಂದಿತು ಫೋನು. ಕೆಳಗೆ ಕಾಟಯ್ಯನ ತುಟಿಗಳೂ ಅದೇ ಹೊತ್ತಿಗೆ ಅಲುಗಿದವು. ಉತ್ತರ ಬಾರದಿದ್ದಾಗ ಅವನು ಮೆಲ್ಲಗೆ ತಲೆ ಎತ್ತಿ ಅಟ್ಟಣಿಗೆಯ ಕಡೆ ನೋಡಿದ. ಇಬ್ಬರ ಕಣ್ಣುಗಳೂ ಕೂಡಿದವು.

ಅವನು ಬೆದರಲಿಲ್ಲ. ಫೋನ್ ಜೇಬಿಗಿಳಿಸಿ, ಟೋಪಿ ತೆಗೆದು, ಮೈದಾನದ ಕಡೆ ತಿರುಗಿ ಅದನ್ನು ಒಂದೇ ಒಂದು ಸಲ ಬೀಸಿದ.

ನಿರಂಜನ್ ಆ ಕಡೆಗೇ ನೋಡುತ್ತಿದ್ದ.

“ನಿರಂಜನ್! ಪೊಲೀಸ್! ಕೈ ಎತ್ತಿದ್ರೆ...” ಅನುಸೂಯ ವಾಕಿಟಾಕಿಯ ಗುಂಡಿ ಒತ್ತಿ ಕೂಗಿದಳು. ಅವನ ಕಾಲರಿನಿಂದ ಕಪ್ಪು ವೈರು ಜೋತಾಡುತ್ತಿದ್ದುದು ಅವಳಿಗೆ ಆಗ ಕಂಡಿತು. ಅವನೂ ಅದನ್ನು ಕಿವಿಯಿಂದ ತೆಗೆದಿದ್ದ.

ಫರಾಜ್ ಓಡಿ ಬಂದ, ಗೆರೆಯ ಹಿಂದೆಯೇ ಹಾರಿದ. ಸ್ಕೇಲು ಕಟ್ಟಿದ ಕೈ ಗಾಳಿಯಲ್ಲಿ ನೆಟ್ಟಗೆ ತಿರುಗುತ್ತ ಮೇಲೆ ಬಂತು.

ಚೆಂಡು ಇನ್ನೂ ಅವನ ಬೆರಳುಗಳಲ್ಲೇ ಇತ್ತು. ನಿರಂಜನನ ಬಲಗೈ ಆಗಲೇ, ಇಡೀ ಮೈದಾನದ ಕಣ್ಣೆದುರೇ, ಏಳತೊಡಗಿತ್ತು.